ಪಟ್ಟಿಗೆ ಹತ್ತಿದ ಕೊಸರು

ಸೌಮ್ಯಳನ್ನು ನಾನು ಮೊದಲು ಕಂಡಾಗ ಅವಳಿಗೆ ಎಂಟು ವರ್ಷ. ಅವಳಪ್ಪ ಕೃಷ್ಣಪ್ಪ ಮಾಗಡಿ ತಾಲ್ಲೂಕಿನ ಕಲ್ಯದವನು. ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತಂದಾಗಲೆಲ್ಲ ಚನ್ನಪಟ್ಟಣದ ತಂಗಿ ಮನೆಗೂ ಬಂದು, ಉಂಡು, ವಾಪಸು ಹೋಗುವಾಗ ಹೆದ್ದಾರಿ ಪಕ್ಕದ ನನ್ನ ಬೊಂಬೆ ಅಂಗಡಿಯ ನೆರಳಲ್ಲಿ ಬಸ್ಸಿಗೆ ಕಾಯುತ್ತಿದ್ದ. ನೆರಳನ್ನು ಪುಕ್ಕಟೆ ಕೊಡುವಷ್ಟು ದೊಡ್ಡ ಮನಸ್ಸು ನನಗೆ ಯಾವತ್ತೂ ಇರಲಿಲ್ಲ. ಆವತ್ತು ಅವನ ಮಗಳಿಗೆ ಒಂದು ಬುಗುರಿ ಮಾರಿದೆ. ಮೇಲೆ ಒಂದು ಸಣ್ಣ ಮರದ ಪೀಪಿ ಇಟ್ಟು, "ಇದು ಕೊಸರು, ತಗಳವ್ವ," ಅಂದೆ.

ಹುಡುಗಿ ಪೀಪಿ ಊದಲಿಲ್ಲ. ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದಳು: "ಮಾಮಾ, ಇದ್ರ ದುಡ್ಡನ್ನ ಬುಗುರೀಲೇ ಸೇರಿಸ್ಬುಟ್ಟಿದ್ದೀರಾ?"

ಸೇರಿಸಿದ್ದೆ. ಅಂಗಡಿ ತೆರೆದ ದಿನದಿಂದ ಸೇರಿಸುತ್ತಲೇ ಬಂದಿದ್ದೆ. ಅದುವರೆಗೆ ಒಬ್ಬರೂ ಕೇಳಿರಲಿಲ್ಲ. "ಹಂಗೆಲ್ಲ ದೊಡ್ಡೋರನ್ನ ಕೇಳ್ಬಾರ್ದು ಕಣವ್ವ," ಅಂತ ಕೃಷ್ಣಪ್ಪ ಮಗಳ ತಲೆ ಸವರಿದ. ಬಸ್ಸು ಬಂತು, ಹೋದರು. ಈ ಹುಡುಗಿ ಅಂಗಡಿ ಇಟ್ಟರೆ ನಮ್ಮಂಥವರಿಗೆ ಕಷ್ಟ ಅಂತ ಅಂದುಕೊಂಡು ನಾನು ಆ ವಿಷಯ ಮರೆತೆ.

ಮುಂದೆ ಅವಳು ಚನ್ನಪಟ್ಟಣದ ಸೋದರತ್ತೆ ಮನೆಯಲ್ಲೇ ಉಳಿದು, ರೈಲಿನಲ್ಲಿ ರಾಮನಗರಕ್ಕೆ ಓಡಾಡಿ ಬಿ.ಕಾಂ. ಮುಗಿಸಿದಳು. ಅಷ್ಟರಲ್ಲಿ ನಮ್ಮ ಸೀಮೆಯ ಚಹರೆಯೇ ಬದಲಾಗಿತ್ತು. ಬಿಡದಿ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಕಡೆ ಕಾಂಪೌಂಡು ಬೆಳೆದವು. ಬೆಳಿಗ್ಗೆ ಆರಕ್ಕೆಲ್ಲ ಕಂಪನಿ ಬಸ್ಸುಗಳು ಬಂದು ಹುಡುಗರನ್ನು ಗುಡಿಸಿಕೊಂಡು ಹೋಗುತ್ತಿದ್ದವು. ಕೆಲಸ ಸಿಕ್ಕವರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಮದುವೆ ಮನೆಗೂ ಬರುತ್ತಿದ್ದರು. ಹೆಣ್ಣು ಕೊಡುವವರ ಕಣ್ಣಿಗೆ ಬೀಳಲಿ ಅಂತ. ಹೆದ್ದಾರಿ ಅಗಲವಾಯಿತು. ನನ್ನ ಅಂಗಡಿಯ ಮುಂಭಾಗ ಎಂಟು ಅಡಿ ರಸ್ತೆಗೆ ಸೇರಿತು, ಪರಿಹಾರದ ಹಣ ನನ್ನ ಕೈ ಸೇರಿತು. ಆ ಹಣದಲ್ಲಿ ನಾನು ಚೀನಾ ಬೊಂಬೆ ತಂದು ತುಂಬಿದೆ. ಕೀ ಕೊಟ್ಟರೆ ತಮಟೆ ಬಡಿಯುವ ಕೋತಿ, ಒತ್ತಿದರೆ ಅಳುವ ಮಗು. 'ಚನ್ನಪಟ್ಟಣದ ಅಪ್ಪಟ ಬೊಂಬೆಗಳು' ಅನ್ನುವ ಬೋರ್ಡನ್ನು ಮಾತ್ರ ತೆಗೆಯಲಿಲ್ಲ. ಅಂಗಡಿಯೊಳಗೆ ಅಪ್ಪಟದವೂ ಇದ್ದವು, ಹಿಂದಿನ ಸಾಲಿನಲ್ಲಿ.

ಆ ಹಿಂದಿನ ಸಾಲಿನ ಮಾಲು ಮಾಡುತ್ತಿದ್ದವನು ಬಾಬಾಜಾನ್. ನಮ್ಮ ಹಿಂದಿನ ಬೀದಿಯಲ್ಲೇ ಅವನ ಮನೆ, ಮನೆ ಮುಂದೆಯೇ ಲೇತು. ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ, ಮೇಲೆ ತಾಳೆಯ ಒಣಗರಿ ಹಿಡಿದರೆ ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು. ನಲವತ್ತು ವರ್ಷದ ಕೈ. ಅವನ ಪದ್ಧತಿ ಒಂದೇ: ನೂರು ಕೇಳಿದರೆ ನೂರೈದು ಕೊಡುತ್ತಿದ್ದ. "ಲೆಕ್ಕಕ್ಕೆ ಸರಿಯಾಗಿ ಕೊಡೋನ ಕೈ ಒಣಗ್ತದೆ ಅಂತ ನಮ್ಮ ಉಸ್ತಾದ್ ಹೇಳೋರು ಅಣ್ಣಾ," ಅನ್ನುತ್ತಿದ್ದ. ಆ ಐದನ್ನು ನಾನು ಮೂವತ್ತು ವರ್ಷ ಬೇಜಾರಿಲ್ಲದೆ ತೆಗೆದುಕೊಂಡೆ. ಚೀನಾ ಕೋತಿ ಬಂದ ಮೇಲೆ ನೂರು ಕೇಳುತ್ತಿದ್ದವನು ನಲವತ್ತು ಕೇಳತೊಡಗಿದೆ. ಅವನು ನಲವತ್ತೆರಡು ಕೊಟ್ಟ.

ಸೌಮ್ಯ ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ಸೆಕ್ಷನ್ನಿಗೆ ಸೇರಿದಳು. ನಾಲ್ಕು ವರ್ಷ ಡಬ್ಬ ಎಣಿಸುವುದು, ತೂಕ ಬರೆಯುವುದು, ಲಾರಿ ಹತ್ತಿಸುವುದು. ಒಂದು ಬೋಲ್ಟು ಕಮ್ಮಿಯಾದರೂ ಅತ್ತ ಕಡೆಯಿಂದ ಫೋನು, ಒಂದು ಜಾಸ್ತಿಯಾದರೂ ಫೋನು. ಕಲ್ಯದಲ್ಲಿ ಕೃಷ್ಣಪ್ಪನ ನಡಿಗೆ ಬದಲಾಯಿತು. ಸಂಬಳದ ಮಗಳಿರುವ ಮನುಷ್ಯ ಟೀ ಅಂಗಡಿಯಲ್ಲಿ ಬೆಂಚಿನ ನಡುವೆ ಕೂರುತ್ತಾನೆ.

ಹೀಗಿರುವಾಗ ಇವಳು ಒಂದು ಭಾನುವಾರ, ತಾನು ಚಿಕ್ಕಂದಿನಿಂದ ಚಾಚಾ ಅಂತ ಕರೆಯುತ್ತಿದ್ದ ಬಾಬಾಜಾನನ ಗಿಲಕಿಗಳನ್ನು ಚೀಲದಲ್ಲಿ ತುಂಬಿಕೊಂಡು ಬೆಂಗಳೂರಿನ ಯಾವುದೋ ಕರಕುಶಲ ಮೇಳಕ್ಕೆ ಹೋದಳು. ಅರಿಶಿನ, ನೀಲಿ, ಕುಂಕುಮದ ಬಣ್ಣದ, ಮಕ್ಕಳು ಬಾಯಿಗೆ ಹಾಕಿಕೊಂಡರೂ ಏನೂ ಆಗದ ಗಿಲಕಿ. ವಿದೇಶಕ್ಕೆ ಮಾಲು ಕಳಿಸುವ ಒಂದು ಏಜೆನ್ಸಿಯವರು ಅಲ್ಲಿ ಅವುಗಳನ್ನು ಆಡಿಸಿ ನೋಡಿ, ಎರಡು ಸಾವಿರಕ್ಕೆ ಆರ್ಡರು ಕೊಟ್ಟರು. ಮೊದಲನೆಯದು ಪಾಸಾದರೆ ಮುಂದಿನದು ದೊಡ್ಡದು ಅಂದರು. ಸೌಮ್ಯ ಕಾರ್ಖಾನೆಗೆ ಹೋಗಿ ಮೂರು ತಿಂಗಳು ಸಂಬಳವಿಲ್ಲದ ರಜೆ ಕೇಳಿದಳು. ಅವಳ ಮೇಲಿನವರು ಒಳ್ಳೆಯ ಮನುಷ್ಯ. "ಮಾರ್ಚ್ ಮೂವತ್ತೊಂದರ ತನಕ ನಿನ್ನ ಕುರ್ಚಿ ಖಾಲಿ ಇಟ್ಟಿರ್ತೀನಮ್ಮ. ಆಮೇಲೆ ನನ್ನ ಕೈಲಿಲ್ಲ," ಅಂದರಂತೆ.

ಮಾರನೇ ದಿನವೇ ಕೃಷ್ಣಪ್ಪ ನನ್ನ ಅಂಗಡಿಗೆ ಬಂದ. ಈ ಸಲ ನೆರಳಿಗಲ್ಲ.

"ರಾಮಲಿಂಗಯ್ಯ, ಒಸಿ ಬುದ್ಧಿ ಹೇಳಪ್ಪ ನಮ್ಮ ಹುಡುಗಿಗೆ. ತಿಂಗಳ ಒಂದನೇ ತಾರೀಕು ಬಂತು ಅಂದ್ರೆ ಸಂಬಳ ಬತ್ತಿತ್ತು. ಅದ್ನ ಬುಟ್ಟು ಗಿಲಕಿ ಆಡ್ಸೋಕೆ ಹೊಂಟವ್ಳೆ."

"ಗಿಲಕೀಲೂ ದುಡ್ಡೈತೆ ಕಣ್ಲಾ."

"ಇದ್ದಿದ್ರೆ ನೀನ್ಯಾಕೆ ಚೀನಾ ಕೋತಿ ಕುಣಿಸ್ತಿದ್ದೆ?"

ಈ ಮನೆತನಕ್ಕೆ ಇಂಥ ಪ್ರಶ್ನೆ ಕೇಳುವ ಅಭ್ಯಾಸ ಇದೆ. ನಾನು ಕಾಫಿ ತರಿಸಿದೆ. ಹೇಳಿ ನೋಡ್ತೀನಿ ಅಂದೆ, ಹೇಳಲಿಲ್ಲ. ನನ್ನದೂ ಒಂದು ಲೆಕ್ಕವಿತ್ತು. ಇವಳು ವಾಪಸು ಕಾರ್ಖಾನೆಗೆ ಹೋದರೆ ಬಾಬಾಜಾನ್ ಲೇತು ಮಾರಿ ಬಿಡದಿಯ ಯಾವುದಾದರೂ ಗೇಟಿನಲ್ಲಿ ವಾಚ್‌ಮನ್ ಆಗಿ ಕೂರುವವನೇ. ಆಗ ನನ್ನ ಹಿಂದಿನ ಸಾಲಿಗೆ ಮಾಲೆಲ್ಲಿ, ಬೋರ್ಡಿಗೆ ಮರ್ಯಾದೆಯೆಲ್ಲಿ?

ಕೆಲಸ ಜೋರಾಗಿ ನಡೆಯಿತು. ಬಾಬಾಜಾನ್ ಜೊತೆ ಇನ್ನಿಬ್ಬರು ಲೇತಿಗೆ ಕೂತರು. ಅವನ ಹೆಂಡತಿ ಜಹೀದಾ ಗಿಲಕಿಗಳನ್ನು ಕಾಗದದಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದಳು. ಡಬ್ಬಕ್ಕೆ ಐವತ್ತು, ಒಟ್ಟು ನಲವತ್ತು ಡಬ್ಬ. ಸೌಮ್ಯ ಒಂದೊಂದು ಗಿಲಕಿಯನ್ನೂ ಕಿವಿ ಹತ್ತಿರ ಆಡಿಸಿ, ಬೆರಳಿನಿಂದ ಸವರಿ, ಸರಿಯಿಲ್ಲದ್ದನ್ನು ಪಕ್ಕಕ್ಕಿಡುತ್ತಿದ್ದಳು. ಮೊದಲ ಡಬ್ಬವನ್ನು ತಾನೇ ತುಂಬಿ, ತೂಗಿ, ಅದೇ ತೂಕವನ್ನು ನಲವತ್ತು ಚೀಟಿಗೂ ಬರೆದಳು. ಎಲ್ಲ ಒಂದೇ ಅಳತೆಯ ಮಾಲಲ್ಲವೇ. ಆಮೇಲೆ ಕಾಗದ ಪತ್ರಕ್ಕೆ ಅಂತ ಬೆಂಗಳೂರಿಗೆ ಓಡಾಡುತ್ತಿದ್ದಳು.

ಅವಳಿಲ್ಲದ ಒಂದು ಮಧ್ಯಾಹ್ನ ನಾನು ಅಲ್ಲಿಗೆ ಹೋದೆ. ಬಾಬಾಜಾನ್ ಡಬ್ಬಗಳ ಮುಂದೆ ಕೂತು ಗಡ್ಡ ಕೆರೆಯುತ್ತಿದ್ದ.

"ಅಣ್ಣಾ, ಐವತ್ತಕ್ಕೆ ಕೊಸರು ಎರಡೂವರೆ ಆಗ್ತದೆ. ಅರ್ಧ ಗಿಲಕಿ ಹೆಂಗೆ ಹಾಕ್ಲಿ?"

"ಎರಡು ಹಾಕು. ಮೊದಲನೇ ಬೋಣಿ, ಅದೂ ಸಮುದ್ರ ದಾಟಿ ಹೋಗೋದು. ಕೈ ಬಿಗಿ ಹಿಡೀಬೇಡ."

ಅವನು ತುಂಬಿದ್ದ ಡಬ್ಬಗಳನ್ನೆಲ್ಲ ಬಿಚ್ಚಿ ಎರಡೆರಡು ಹಾಕಿಸಿದ. ಸೌಮ್ಯ ತುಂಬಿದ್ದ ಮೊದಲ ಡಬ್ಬಕ್ಕೂ. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅಪ್ಪನಿಂದ ವ್ಯಾಪಾರ ಕಲಿತವನು ನಾನು. ತಕ್ಕಡಿ ಗಿರಾಕಿಯ ಕಡೆಗೆ ಒಂದಿಷ್ಟು ಬಾಗಿದ ಹಾಗೆ ಕಾಣಬೇಕು ಅನ್ನುವುದು ಮೊದಲ ಪಾಠ.

ಮಾರ್ಚ್ ಇಪ್ಪತ್ತೇಳು, ಮಂಗಳವಾರ. ಹನ್ನೊಂದು ಗಂಟೆಗೆ ಅಂಗಡಿಯ ಫೋನು ರಿಂಗಾಯಿತು.

"ಮಾಮಾ, ಬೆಂಗಳೂರಿನ ಗೋಡೌನಿಂದ ಮಾತಾಡ್ತಾ ಇದ್ದೀನಿ. ಚಾಚಾನ ಕರ್ಕಂಡು ಈಗ್ಲೇ ಹೊರಡಿ. ಮಾಲು ನಿಲ್ಲಿಸಿದ್ದಾರೆ."

"ಯಾಕವ್ವ, ಏನ್ ಕಮ್ಮಿಯಾಯ್ತು?"

"ಕಮ್ಮಿ ಆಗಿಲ್ಲ ಮಾಮಾ."

ಅವಳು ಅದನ್ನು ಹೇಳಿದ ರೀತಿಯಲ್ಲೇ ನನಗೆ ಎಲ್ಲ ತಿಳಿಯಿತು. ಅಂಗಡಿ ಬಾಗಿಲೆಳೆದು, ಬಾಬಾಜಾನ್, ಜಹೀದಾ ಇಬ್ಬರನ್ನೂ ನನ್ನ ಓಮ್ನಿಗೆ ಹತ್ತಿಸಿದೆ. ಬಿಡದಿ ದಾಟಿದ ಮೇಲೆ ಬಾಬಾಜಾನ್, "ಬಣ್ಣ ಬಿಟ್ಟಿರ್ಬೋದಾ?" ಅಂದ. ನಾನು ಲಾರಿಯೊಂದನ್ನು ಹಿಂದೆ ಹಾಕುವುದರಲ್ಲಿ ಮಗ್ನನಾದೆ.

ಗೋಡೌನಿನಲ್ಲಿ ನಲವತ್ತು ಡಬ್ಬಗಳು ಸಾಲಾಗಿ ಕೂತಿದ್ದವು, ಮೂರರ ಬಾಯಿ ತೆರೆದಿತ್ತು. ಮಾಲು ತಪಾಸಣೆ ಮಾಡುವ ಜಯಕುಮಾರ್ ಅನ್ನುವ ಹುಡುಗ, ಇಸ್ತ್ರಿ ಮಾಡಿದ ಷರ್ಟು, ಕೈಯಲ್ಲಿ ಫಾರಂ, ಪಕ್ಕದಲ್ಲಿ ತೂಕದ ಯಂತ್ರ. ಒಂದೊಂದು ಡಬ್ಬವೂ ಚೀಟಿಯಲ್ಲಿ ಬರೆದದ್ದಕ್ಕಿಂತ ನೂರೈವತ್ತು ಗ್ರಾಂ ಹೆಚ್ಚು ತೂಗಿತ್ತು. ಬಿಚ್ಚಿ ಎಣಿಸಿದ್ದ. ಸಂಜೆ ಐದಕ್ಕೆ ಕಂಟೇನರು ಹೊರಡುತ್ತದೆ. ಅಷ್ಟರಲ್ಲಿ ಪಾಸಾಗದಿದ್ದರೆ ಆರ್ಡರು ರದ್ದು. ರದ್ದಾದರೆ ನಾಲ್ಕು ದಿನ ಬಿಟ್ಟು ಸೌಮ್ಯ ಮತ್ತೆ ಅದೇ ಕುರ್ಚಿಗೆ.

"ಐವತ್ತು ಅಂತ ಬರೆದಿದ್ದೀರಿ. ಐವತ್ತೆರಡು ಇವೆ," ಅಂದ ಜಯಕುಮಾರ್.

"ಕಮ್ಮಿ ಇಲ್ವಲ್ಲ ಸ್ವಾಮಿ," ಅಂದ ಬಾಬಾಜಾನ್. ಬಣ್ಣ ಬಿಟ್ಟಿಲ್ಲ ಅಂತ ತಿಳಿದು ಅವನ ಮುಖ ಅರಳಿತ್ತು.

"ಕಮ್ಮಿ ಇದ್ದಿದ್ರೆ ಬರ್ಕೊಳ್ಳೋಕೆ ನನ್ನ ಫಾರಂನಲ್ಲಿ ಒಂದು ಕಾಲಂ ಇದೆ. ಜಾಸ್ತಿ ಇದ್ರೆ ಏನು ಬರೀಬೇಕು ಅಂತ ಕಾಲಮ್ಮೇ ಇಲ್ಲ. ಪೇಪರಲ್ಲಿ ಎರಡು ಸಾವಿರ, ಡಬ್ಬದಲ್ಲಿ ಎರಡು ಸಾವಿರದ ಎಂಬತ್ತು. ಬಂದರಲ್ಲಿ ಹಿಡಿದರೆ ಕಳ್ಳಸಾಗಣೆ ಅಂತಾರೆ."

"ಕಳ್ಳ ಕಮ್ಮಿ ಕೊಡ್ತಾನಾ, ಜಾಸ್ತಿ ಕೊಡ್ತಾನಾ?"

ಜಯಕುಮಾರ್ ಆ ಪ್ರಶ್ನೆಗೂ ಫಾರಂ ನೋಡಿದ. ನಾನು ಮೆಲ್ಲಗೆ ಹತ್ತಿರ ಹೋಗಿ, "ಯಾವೂರಪ್ಪ ನಿಂದು?" ಅಂದೆ.

"ಕನಕಪುರದ ಹತ್ರ."

"ಕನಕಪುರದೋನಾಗಿ ಕೊಸರು ಅಂದ್ರೆ ಗೊತ್ತಿಲ್ವೇ?"

"ಗೊತ್ತು ಸಾರ್. ನಮ್ಮಜ್ಜಿ ಸಂತೇಲಿ ಹುಣಸೇಹಣ್ಣು ಮಾರೋಳು. ಕೊಸರು ಹಾಕೀ ಹಾಕೀ ಬುಟ್ಟಿ ಖಾಲಿ ಮಾಡ್ಕಂಡು ಬರೋಳು, ನಮ್ಮಜ್ಜ ಬಾಗಿಲಲ್ಲಿ ನಿಂತು ಬೈಯೋನು. ಆದ್ರೆ ಅಜ್ಜಿ ಫಾರಂ ತುಂಬ್ತಿರ್ಲಿಲ್ಲ."

ಸೌಮ್ಯ ತೆರೆದ ಡಬ್ಬಗಳ ಪಕ್ಕದಲ್ಲೇ ನಿಂತಿದ್ದಳು. ನಾಲ್ಕು ವರ್ಷ ಒಂದು ಬೋಲ್ಟು ಹೆಚ್ಚು ಕಮ್ಮಿಯಾಗದಂತೆ ಡಬ್ಬ ಕಳಿಸಿದವಳು. ಈಗ ಬಾಬಾಜಾನ್ ಕಡೆ ತಿರುಗಿ, "ಎಲ್ಲಾದ್ರಲ್ಲೂ ಹಾಕಿದ್ದೀರಾ ಚಾಚಾ?" ಅಂದಳು.

"ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಡೋದಾ ಬೇಟಿ? ಪಂಕ್ತಿಭೇದ ಮಾಡೋನಲ್ಲ ನಾನು."

"ಯಾರು ಹೇಳಿದ್ದು ಹಾಕೋಕೆ?"

ಬಾಬಾಜಾನ್ ಚಾವಣಿ ನೋಡಿದ. ಜಹೀದಾ ನನ್ನನ್ನು ನೋಡಿದಳು. ಆ ಗೋಡೌನಿನಲ್ಲಿ ಅವಿತುಕೊಳ್ಳುವಂಥ ಒಂದು ಕಂಬವೂ ಇರಲಿಲ್ಲ.

"ನಾನೇ ಕಣವ್ವ," ಅಂದೆ.

ಸೌಮ್ಯ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಟೇಪು, ಕತ್ತರಿ ತೆಗೆದುಕೊಂಡು, "ಎಲ್ಲಾ ಬಿಚ್ಚಿ ಎರಡೆರಡು ತೆಗೆಯೋಣ," ಅಂದಳು.

ಬಾಬಾಜಾನ್ ಮಾತ್ರ ಕೈಕಟ್ಟಿ ನಿಂತುಬಿಟ್ಟ. "ನನ್ನ ಕೈಲಾಗಲ್ಲ ತಾಯಿ. ಹಾಕಿದ ಕೊಸರನ್ನ ವಾಪಸ್ ತಗೊಂಡೋರು ಉದ್ಧಾರ ಆಗಿದ್ದು ನಾನು ಕಂಡಿಲ್ಲ. ನೀನು ತೆಗೆದ್ರೂ ಅದು ನನ್ನ ಮನೆಗೆ ಬರಬಾರ್ದು."

"ನಿಮ್ಮ ಮನೆಗೆ ತರಲ್ಲ ಚಾಚಾ."

"ನಿನ್ನ ಮನೆಗೂ ಬರಬಾರ್ದು. ಇದು ನಿನ್ನ ಮೊದಲನೇ ಬೋಣಿ."

ಹಾಗಾದರೆ ಆ ಎಂಬತ್ತು ಗಿಲಕಿ ಹೋಗುವುದಾದರೂ ಎಲ್ಲಿಗೆ? ಡಬ್ಬದಲ್ಲಿ ಇರುವಂತಿಲ್ಲ, ಚನ್ನಪಟ್ಟಣಕ್ಕೆ ಬರುವಂತಿಲ್ಲ. ನನ್ನ ಅಂಗಡಿಗೆ ಬರಲಿ ಅಂತ ಬಾಯಿ ತನಕ ಬಂದಿತ್ತು. ಸಂದರ್ಭ ನೋಡಿ ನುಂಗಿಕೊಂಡೆ.

ಸೌಮ್ಯ ಕತ್ತರಿ ಹಿಡಿದೇ ಜಯಕುಮಾರನ ಫಾರಂ ಕಡೆ ಬಗ್ಗಿ ನೋಡಿದಳು. ಆಮೇಲೆ ಅವನನ್ನು ಕೇಳಿದಳು: "ಬೆಲೆ ಇಲ್ಲದ ಮಾಲು ಕಳಿಸೋಕೆ ನಿಮ್ಮ ಫಾರಂನಲ್ಲಿ ಜಾಗ ಐತಾ?"

"ಸ್ಯಾಂಪಲ್ ಅಂತ ಕಳಿಸಬಹುದು. ಆದ್ರೆ ಬೇರೆ ಡಬ್ಬ, ಬೇರೆ ನಂಬರು, ಬೇರೆ ತೂಕ. ಪಟ್ಟೀಲಿ ಬೇರೆ ಸಾಲು. ಏಜೆನ್ಸಿಯವರು ಒಪ್ಪಬೇಕು."

ಅವಳು ಏಜೆನ್ಸಿಗೆ ಫೋನು ಮಾಡಿದಳು. ಪುಕ್ಕಟೆ ಬರುವುದನ್ನು ಬೇಡ ಅನ್ನುವ ಏಜೆನ್ಸಿ ಇನ್ನೂ ಹುಟ್ಟಿಲ್ಲ. ಎರಡೇ ನಿಮಿಷದಲ್ಲಿ ಒಪ್ಪಿದರು. ಬಾಬಾಜಾನ್ ಕಟ್ಟಿದ ಕೈ ಬಿಟ್ಟ. "ಅವರಿಗೇ ಹೋಗ್ತದೆ ಅಂದ್ರೆ ಸರಿ. ಕೊಡಿ ಆ ಕತ್ತರಿ."

ಆಗ ಒಂದೂವರೆ. ಜಹೀದಾ ಬಿಚ್ಚುವುದು, ಬಾಬಾಜಾನ್ ಎರಡು ತೆಗೆಯುವುದು, ನಾನು ಟೇಪು ಹಚ್ಚುವುದು, ಸೌಮ್ಯ ತೂಗುವುದು. ತಪಾಸಣೆಯವರು ಮಾಲು ಮುಟ್ಟಬಾರದು ಅನ್ನುವ ನಿಯಮವಿದೆಯಂತೆ. ಜಯಕುಮಾರ್ ಹತ್ತು ಡಬ್ಬದ ತನಕ ನಿಯಮ ಪಾಲಿಸಿದ. ನಾನು ಹಚ್ಚಿದ ಟೇಪು ಸೊಟ್ಟಗೆ ಹೋಗುವುದನ್ನು ನೋಡಲಾರದೆ, "ಕೊಡಿ ಸಾರ್ ಇಲ್ಲಿ, ಟೇಪು ಮಾಲಲ್ಲ," ಅಂತ ಕಿತ್ತುಕೊಂಡ.

ಎಂಬತ್ತಕ್ಕೆ ಹೊಂದುವ ಡಬ್ಬ ಇರಲಿಲ್ಲ. ಎದುರಿನ ದಿನಸಿ ಅಂಗಡಿಯಿಂದ ಸೋಪಿನ ಡಬ್ಬ ತಂದೆ. ಅದರ ಮೇಲೆ ಸೋಪಿನ ಹೆಸರಿದೆ, ಆಗಲ್ಲ ಅಂದ ಜಯಕುಮಾರ್. ಜಹೀದಾ ಅದನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಮಡಿಸಿ ಅಂಟಿಸಿದಳು. ಅಚ್ಚುಕಟ್ಟಾದ ಬೋಳು ಡಬ್ಬ. ಸೌಮ್ಯ ಅದರ ಮೇಲೆ ನಲವತ್ತೊಂದು ಅಂತ ಬರೆದು, ಪಟ್ಟಿಯಲ್ಲಿ ಕೊನೆಯ ಸಾಲು ಸೇರಿಸಿದಳು: ಗಿಲಕಿ ಎಂಬತ್ತು, ಸ್ಯಾಂಪಲ್, ಬೆಲೆ ಇಲ್ಲ. ಐದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇರುವಾಗ ಜಯಕುಮಾರ್ ಮೊಹರು ಒತ್ತಿದ.

"ನಮ್ಮಜ್ಜಿಗೆ ಈ ಉಪಾಯ ಗೊತ್ತಿದ್ದಿದ್ರೆ ಬೈಗುಳ ತಪ್ತಿತ್ತು," ಅಂದ.

ವಾಪಸು ಬರುವಾಗ ಬಾಬಾಜಾನ್ ಗೊರಕೆ ಹೊಡೆದ. ಸೌಮ್ಯ ಕಿಟಕಿಯಾಚೆ ನೋಡುತ್ತಿದ್ದಳು. ಮಾಲು ಹೋಯಿತು, ಸರಿ. ಆದರೆ ಮುಂದಿನ ಆರ್ಡರು ಇಲ್ಲದೆ ಕುರ್ಚಿ ಬಿಡುವುದು ಹೇಗೆ? ಉಳಿದದ್ದು ನಾಲ್ಕು ದಿನ.

ಮೂರನೇ ದಿನ ಶುಕ್ರವಾರ. ಕೃಷ್ಣಪ್ಪ ಗೂಡು ಮಾರಿ ಬಂದು ನನ್ನ ಅಂಗಡಿಯಲ್ಲಿ ಕೂತಿದ್ದ. ಮಗಳನ್ನು ನಾಳೆ ತಾನೇ ಕಂಪನಿ ಬಸ್ಸು ಹತ್ತಿಸುವುದಾಗಿ ಹೇಳುತ್ತಿದ್ದ. ಬಾಬಾಜಾನ್ ನಲವತ್ತು ಬುಗುರಿ ತಂದು, ನಲವತ್ತೆರಡು ಎಣಿಸಿ ಇಡುತ್ತಿದ್ದ. ಸೌಮ್ಯ ಸೈಬರ್ ಸೆಂಟರಿನಿಂದ ಒಂದು ಕಾಗದ ಹಿಡಿದು ಬಂದಳು.

"ಐದು ಸಾವಿರ ಗಿಲಕಿ," ಅಂದಳು. "ಜುಲೈ ಒಳಗೆ."

ಬಾಬಾಜಾನ್ ಎಣಿಕೆ ತಪ್ಪಿದ. ಕೃಷ್ಣಪ್ಪ ಮಾತ್ರ ಮಗಳ ಮುಖವನ್ನೇ ನೋಡುತ್ತಿದ್ದ. "ಇನ್ನೂ ಏನೋ ಐತೆ. ಪೂರಾ ಓದವ್ವ."

ಕೊನೆಯ ಸಾಲಿನಲ್ಲಿ ಇತ್ತು. ಏಜೆನ್ಸಿಯವರು ಪಟ್ಟಿಯನ್ನು ಮಾಲು ಕೊಳ್ಳುವ ವಿದೇಶದ ಕಂಪನಿಗೆ ಕಳಿಸಿದ್ದರಂತೆ, ಅವರು ನಲವತ್ತೊಂದನೇ ಡಬ್ಬ ಗಮನಿಸಿದ್ದರು. ಈ ಸಲವೂ ಅದೇ ಪ್ರಮಾಣದಲ್ಲಿ, ಅಂದರೆ ಇನ್ನೂರು, ಬೆಲೆ ಇಲ್ಲದೆ ಕಳಿಸುವುದು.

ಸಮುದ್ರದಾಚೆಯವರು ಕೊಸರು ಕೇಳುವುದನ್ನು ಕಲಿಯಲು ಮೂರೇ ದಿನ ಸಾಕಾಗಿತ್ತು.

ಬಾಬಾಜಾನನಿಗೆ ಬೇಜಾರಾಯಿತು. "ಕೇಳಿ ತಗೊಂಡ್ರೆ ಅದು ಕೊಸರಾ? ಅದು ಸುಂಕ. ಕೊಡೋನು ತಾನಾಗಿ ಕೊಟ್ರೆ ಕೊಸರು."

"ಹೂಂ ಮತ್ತೆ," ಅಂದ ಕೃಷ್ಣಪ್ಪ. "ಇನ್ನೂರು ಪುಕ್ಕಟೆ ಕೊಟ್ರೆ ಇವಳಿಗೇನ್ ಉಳೀತದೆ, ಮಣ್ಣು? ಅದಕ್ಕೇ ಹೇಳಿದ್ದು. ಸಂಬಳದಾಗೆ ಯಾರೂ ಕೊಸರು ಕೇಳಾಕಿಲ್ಲ."

ಸೌಮ್ಯ ಕಾಗದವನ್ನು ಗಲ್ಲಾಪೆಟ್ಟಿಗೆಯ ಮೇಲೆ ಮಗುಚಿಟ್ಟಳು. ನನ್ನ ಕಡೆ ತಿರುಗಿದಳು.

"ಮಾಮಾ, ನಾನು ಸಣ್ಣೋಳಿದ್ದಾಗ ಬುಗುರಿ ಜೊತೆ ಪೀಪಿ ಕೊಟ್ಟಿದ್ರಲ್ಲ. ಅದ್ರ ದುಡ್ಡು ಬುಗುರೀಲಿ ಎಷ್ಟು ಸೇರಿಸಿದ್ರಿ?"

ಗಲ್ಲಾಪೆಟ್ಟಿಗೆ ಮುಂದೆ ಕೂತವನು ನಿಜ ಹೇಳುವ ಸಂದರ್ಭಗಳು ಕಮ್ಮಿ. ಆದರೆ ಗೋಡೌನಿನಲ್ಲಿ ಅವಳು ಬೈಯದೆ ಬಿಟ್ಟದ್ದು ನೆನಪಿತ್ತು.

"ಪೀಪಿ ನನಗೆ ಎಂಟಾಣೆಗೆ ಬೀಳ್ತಿತ್ತು," ಅಂದೆ. "ಸೇರಿಸಿದ್ದು ಒಂದು ರೂಪಾಯಿ."

"ಲೇ ರಾಮಲಿಂಗಯ್ಯ," ಅಂದ ಕೃಷ್ಣಪ್ಪ.

ಸೌಮ್ಯ ಆ ಕಾಗದದ ಹಿಂದೆಯೇ ಲೆಕ್ಕ ಹಾಕಿದಳು. ಹಿಂದಿನ ದರ ಮೂವತ್ತೆಂಟು. ಇನ್ನೂರರ ಖರ್ಚನ್ನು ಐದು ಸಾವಿರಕ್ಕೆ ಹಂಚಿದರೆ ಒಂದಕ್ಕೆ ಒಂದೂವರೆ ರೂಪಾಯಿ. ಅವಳು ನಲವತ್ತು ಅಂತ ಬರೆದಳು. ನನ್ನ ಫೋನಿನಿಂದಲೇ ಏಜೆನ್ಸಿಗೆ ಮಾತಾಡಿದಳು. ಗಿಲಕಿ ಒಂದಕ್ಕೆ ನಲವತ್ತು, ಇನ್ನೂರು ಸ್ಯಾಂಪಲ್ ಸಂತೋಷವಾಗಿ ಕಳಿಸುತ್ತೇವೆ. 'ಸಂತೋಷವಾಗಿ' ಅನ್ನುವ ಮಾತನ್ನು ಒತ್ತಿ ಹೇಳಿದಳು. ಆ ಕಡೆಯವರು ಮೂವತ್ತೊಂಬತ್ತು ಅಂದರು. ಇವಳು ಸುಮ್ಮನಿದ್ದಳು. ಸುಮ್ಮನಿರುವುದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಲವತ್ತಕ್ಕೇ ಒಪ್ಪಿದರು.

ಇನ್ನೊಂದು ಫೋನು ಕಾರ್ಖಾನೆಗೆ. "ಸಾರ್, ಕುರ್ಚಿಗೆ ಯಾರನ್ನಾದ್ರೂ ಕೂರಿಸಿ," ಅಂದಳು. ಹೊಸಬರಿಗೆ ಕೆಲಸ ಹೇಳಿಕೊಡಲು ಎರಡು ದಿನ ಬಾ ಅಂದರಂತೆ. "ಬತ್ತೀನಿ ಸಾರ್," ಅಂದಳು. ಕೃಷ್ಣಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಹತ್ತಿರ ಸರಿದು, "ಒಂದೂವರೆ ಆಗೋ ಕಡೆ ಎರಡು ಸೇರಿಸಿದ್ಲು ನೋಡ್ದಾ," ಅಂತ ನನ್ನ ಕಿವಿಯಲ್ಲಿ ಹೇಳಿದ. ಮುಂದಿನ ವಾರ ಆ ಮಾತು ಕಲ್ಯದ ಟೀ ಅಂಗಡಿಯ ಬೆಂಚಿನ ನಡುವಿನಿಂದ ಇಡೀ ಊರಿಗೆ ತಲುಪಿತು ಅಂತ ಕೇಳಿದ್ದೇನೆ.

ಇದಾಗಿ ಎರಡು ವರ್ಷವಾಯಿತು. ಈಗ ಹಿಂದಿನ ಬೀದಿಯಲ್ಲಿ ಸೌಮ್ಯಳ ಶೆಡ್ಡು ಇದೆ, ಆರು ಲೇತು ತಿರುಗುತ್ತವೆ, ಬಾಬಾಜಾನ್ ಅಲ್ಲಿ ಮೇಸ್ತ್ರಿ. ಡಬ್ಬ ಮುಚ್ಚುವ ಹೊತ್ತಿಗೆ ಅವನನ್ನು ಟೀ ಕುಡಿಯಲು ಹೊರಗೆ ಕಳಿಸುತ್ತಾರೆ. ಅವನೂ ಸುಮ್ಮನಿರುವವನಲ್ಲ, ಮಾಲು ಒಯ್ಯುವ ಡ್ರೈವರನ ಜೇಬಿಗೆ ಒಂದು ಬುಗುರಿ ಹಾಕಿ, "ಮಗೂಗೆ," ಅನ್ನುತ್ತಾನೆ. ಆ ಡ್ರೈವರಿಗೆ ಮದುವೆಯೇ ಆಗಿಲ್ಲ.

ನನ್ನ ಅಂಗಡಿಯಲ್ಲಿ ಮರದ ಬೊಂಬೆ ಮತ್ತೆ ಮುಂದಿನ ಸಾಲಿಗೆ ಬಂದಿವೆ. ಕೋತಿಯ ಕೀ ಮೂರು ದಿನಕ್ಕೆ ಮುರಿಯುತ್ತದೆ ಅನ್ನುವುದು ಗಿರಾಕಿಗಳಿಗೂ ಗೊತ್ತಾಯಿತು. ಹೋದ ವಾರ ಸೌಮ್ಯಳ ಶೆಡ್ಡಿನಿಂದ ನೂರು ಬುಗುರಿ ತರಿಸಿದೆ. ಅವಳೇ ತಂದಳು. ಎಣಿಸಿದೆ, ನೂರು. ಮತ್ತೊಮ್ಮೆ ಎಣಿಸಿದೆ.

"ಅಲ್ಲ ಕಣವ್ವ, ಕೊಸರಿನ ಐದು?"

"ಐದೂ ಕೊಟ್ಟಿದ್ದೀನಿ ಮಾಮಾ. ಅದಕ್ಕೇ ಅಲ್ವಾ ಈ ಸಲ ಬೆಲೆ ಕಮ್ಮಿ ಮಾಡಿರೋದು. ಬಿಲ್ಲು ನೋಡಿ."

ನೋಡಿದೆ. ಬೆಲೆ ಕಮ್ಮಿ ಮಾಡಿದ್ದಳು, ಆದರೆ ಐದು ಬುಗುರಿಯಷ್ಟಲ್ಲ, ಮೂರರಷ್ಟು. ತಲೆಯೆತ್ತುವಷ್ಟರಲ್ಲಿ ಅವಳು ಮೆಟ್ಟಿಲಿಳಿದು ಹೋಗಿದ್ದಳು. ಬುಗುರಿಗಳ ಮೇಲೆ ಒಂದು ಸಣ್ಣ ಮರದ ಪೀಪಿ ಇತ್ತು.

ನಾನು ಊದಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ.